ನಿಮ್ಮ ಬಿಳಿ ಶೂ ನೀವೇ ತೊಳೀರಿ ಮಾರಾಯ್ರೆ

ಮೊನ್ನೆ ಒಂದು ಭಾನುವಾರ ನಮ್ಮ ಡೊಂಬಿವಲಿ ಮನೆಯಲ್ಲಿ ಒಂದು ಜೊತೆ ಶೂ ಸಲುವಾಗಿ ಸಣ್ಣದೊಂದು ಮಹಾಭಾರತ ನಡೆದುಹೋಯಿತು. ಅದರ ಬಗ್ಗೆ ಬರೆಯಬೇಕೋ ಬೇಡವೋ ಅಂತ ಎರಡು ವಾರ ಯೋಚನೆ ಮಾಡಿದೆ. ಬರೆದರೆ ಮನೆಯವರಿಗೆ ಸಿಟ್ಟು, ಬರೆಯದಿದ್ದರೆ ನನಗೆ ನಿದ್ದೆ ಇಲ್ಲ. ಕೊನೆಗೆ ನಿದ್ದೆಯೇ ಮುಖ್ಯ ಅನ್ನಿಸಿತು.

ಶೂ ನಮ್ಮ ಮಗನದು. ಬಿಳಿ ಬಣ್ಣದ್ದು. ಈಗಿನ ಹುಡುಗರು ಅದನ್ನು ಶೂ ಅನ್ನುವುದಿಲ್ಲ, ಸ್ನೀಕರ್ ಅನ್ನಬೇಕು. ಎಂಟು ಸಾವಿರ ರೂಪಾಯಿ. ನಾನು ಬೆಲೆ ಕೇಳಿದಾಗ "ಪಪ್ಪಾ, ಇದು ಆಫರ್‌ನಲ್ಲಿ ಸಿಕ್ಕಿದ್ದು" ಅಂತ ನನಗೇ ಸಮಾಧಾನ ಹೇಳಿದ. ನಾಲ್ಕು ತಿಂಗಳು ಅದನ್ನು ಕಣ್ಣುಗುಡ್ಡೆಯ ಹಾಗೆ ನೋಡಿಕೊಂಡ. ಲೋಕಲ್‌ನಲ್ಲಿ ಯಾರಾದರೂ ತುಳಿದಾರು ಅಂತ ಕಾಲನ್ನು ಬೆಂಚಿನ ಕೆಳಗೆ ಎಳೆದುಕೊಂಡು ಕೂರುತ್ತಿದ್ದನಂತೆ. ಬೆಳಗ್ಗೆ 8ರ ಫಾಸ್ಟ್ ಲೋಕಲ್‌ನಲ್ಲಿ ಕೂರಲಿಕ್ಕೆ ಜಾಗ ಸಿಗುತ್ತದೆಯೇ ಅಂತ ನೀವು ಕೇಳಬಹುದು. ಸಿಗುವುದಿಲ್ಲ. ಹಾಗಾಗಿಯೇ ಒಂದು ದಿನ ಯಾರೋ ತುಳಿದರು. ಆಮೇಲೆ ಮಳೆಗಾಲ ಬಂತು. ಶೂ ನಮ್ಮೂರಿನ ಗದ್ದೆಯ ಅಂಚಿನ ಬಣ್ಣಕ್ಕೆ ತಿರುಗಿತು.

ಮಗ ಏನು ಮಾಡಿದ? ಶನಿವಾರ ರಾತ್ರಿ ಅದನ್ನು ಬಾತ್‌ರೂಮಿನ ಮೂಲೆಯಲ್ಲಿಟ್ಟು, ಬೆಳಗ್ಗೆ ಕೆಲಸಕ್ಕೆ ಬಂದ ಬಾಯಿಗೆ "ಇದನ್ನು ಸ್ವಲ್ಪ ತೊಳೆದುಬಿಡಿ" ಅಂತ ಹೇಳಿ ಮಲಗಿದ. ಮುಂಬಯಿ ಕಡೆ ಮನೆಗೆಲಸಕ್ಕೆ ಬರುವ ಹೆಂಗಸರನ್ನು ಬಾಯಿ ಅನ್ನುತ್ತಾರೆ ಅಂತ ನಿಮಗೆ ಗೊತ್ತೇ ಇದೆ. ನಮ್ಮ ಮನೆಗೆ ಬರುವಾಕೆ ಯಾದಗಿರಿ ಕಡೆಯವರು. ಕನ್ನಡದವರು. ಅವರು ಪಾಪ, ಬೆಳ್ಳಗಾಗಲಿ ಅಂತ ಬ್ಲೀಚಿಂಗ್ ದ್ರಾವಣ ಹಾಕಿ, ಬಟ್ಟೆ ತಿಕ್ಕುವ ಬ್ರಶ್ಶಿನಿಂದ ಗಸಗಸ ಉಜ್ಜಿ, ಒಂದು ಸಲ ನೀರು ಹೊಯ್ದು, ಅಪರೂಪಕ್ಕೆ ಬಂದಿದ್ದ ಬಿಸಿಲಿಗೆ ಕಿಟಕಿಯ ಗ್ರಿಲ್ಲಿನಲ್ಲಿ ಇಟ್ಟು ಹೋದರು. ಸಂಜೆಗೆ ನೋಡಿದರೆ ಶೂ ಅರಸಿನ ನೀರಿನಲ್ಲಿ ಅದ್ದಿದ ಹಾಗೆ ಹಳದಿ!

ಮರುದಿನ ಬೆಳಗ್ಗೆ ಮಗ ಕೂಗಾಡಿದ. ಹಿಂದಿಯಲ್ಲಿ. ಮನೆಯಲ್ಲಿ ಕನ್ನಡ ಮಾತಾಡುವ ಹುಡುಗ, ಕೆಲಸದವರಿಗೆ ಬೈಯುವಾಗ ಮಾತ್ರ ಹಿಂದಿ ಹೇಗೆ ಬರುತ್ತದೋ ನಾ ಕಾಣೆ. "ಎಂಟು ಸಾವಿರದ ಶೂ, ಗೊತ್ತಾ ನಿಮಗೆ?" ಅಂದ. ನಮ್ಮವಳು ಅಡಿಗೆಮನೆಯಿಂದಲೇ "ಸಂಬಳದಲ್ಲಿ ಸ್ವಲ್ಪ ಸ್ವಲ್ಪ ಹಿಡ್ಕೊಂಡ್ರಾಯ್ತು ಬಿಡು" ಅಂದಳು. ಆಕೆ ಬಾಗಿಲ ಹತ್ತಿರ ನಿಂತು, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ನನ್ನ ಕಡೆ ನೋಡಿ ಹೇಳಿದರು, "ಅಣ್ಣಾರ, ನಾ ಬೇಕಂತ ಮಾಡಿಲ್ರೀ. ಬೆಳ್ಳಗ ಆಗ್ಲಿ ಅಂತ ಹಾಕೀನ್ರೀ."

ನಾನು ಏನು ಮಾಡಿದೆ? ಪೇಪರ್ ಓದುತ್ತಿದ್ದೆ. ಪೇಪರನ್ನು ಇನ್ನೂ ಸ್ವಲ್ಪ ಮೇಲೆ ಎತ್ತಿ ಹಿಡಿದೆ. ಅಷ್ಟೇ ನಾನು ಮಾಡಿದ್ದು.

ಈಗ ನಿಮಗೊಂದು ಹಳೆಯ ಕಥೆ ಹೇಳಬೇಕು. ನಾನು ಪೇಪರ್ ಯಾಕೆ ಎತ್ತಿ ಹಿಡಿದೆ ಅನ್ನುವುದು ಅದಿಲ್ಲದೆ ಅರ್ಥವಾಗುವುದಿಲ್ಲ.

ನಾನು ಮುಂಬಯಿಗೆ ಬಂದದ್ದು 1976ರಲ್ಲಿ. ಕುಂದಾಪುರದ ಹತ್ತಿರದ ಹಳ್ಳಿಯಿಂದ, ಏಳನೇ ಕ್ಲಾಸು ಮುಗಿಸಿ, ಹದಿನಾಲ್ಕನೇ ವಯಸ್ಸಿಗೆ. ನಮ್ಮ ಕಡೆಯ ಎಷ್ಟೋ ಮಕ್ಕಳು ಬಂದ ದಾರಿ ಅದೇ. ಹಗಲಿಗೆ ಹೋಟೆಲಿನಲ್ಲಿ ಕೆಲಸ, ಸಂಜೆಗೆ ಕನ್ನಡ ರಾತ್ರಿಶಾಲೆ. ಆ ರಾತ್ರಿಶಾಲೆಗಳು ಇರದಿದ್ದರೆ ನಾನು ಇವತ್ತು ಹೀಗೆ ಕೂತು ಬರೆಯುವುದಕ್ಕೆ ಆಗುತ್ತಿರಲಿಲ್ಲ. ನನ್ನ ಕೆಲಸ ಮೊದಲ ವರ್ಷ ಮೋರಿಯಲ್ಲಿ. ಮೋರಿ ಅಂದರೆ ಹೋಟೆಲಿನಲ್ಲಿ ಪಾತ್ರೆ ಕಪ್ಪು ಬಸಿ ತೊಳೆಯುವ ಜಾಗ. ಬೆಳಗ್ಗೆ ಐದರಿಂದ ಕಾಲಡಿಯಲ್ಲಿ ನೀರು, ಕೈಬೆರಳ ಸಂದಿಯಲ್ಲಿ ಸೋಡದ ಉರಿ. ಸಂಬಳ ತಿಂಗಳಿಗೆ 30 ರೂಪಾಯಿ, ಊಟ ತಿಂಡಿ ಅಲ್ಲೇ, ಮಲಗುವುದು ಮೇಜಿನ ಮೇಲೆ.

ಧಣಿಗಳ ಮನೆ ಹೋಟೆಲಿನ ಮೇಲಿನ ಮಾಳಿಗೆಯಲ್ಲಿ. ಅವರ ಮಗ ನನ್ನದೇ ವಯಸ್ಸಿನವನು, ಇಂಗ್ಲಿಷ್ ಶಾಲೆಗೆ ಹೋಗುತ್ತಿದ್ದ. ಶನಿವಾರ ಅವನಿಗೆ ಬಿಳಿ ಯೂನಿಫಾರ್ಮು, ಡ್ರಿಲ್ಲಿಗೆ ಬಿಳಿ ಕ್ಯಾನ್ವಾಸ್ ಶೂ. ಶುಕ್ರವಾರ ರಾತ್ರಿ ಶಾಲೆ ಮುಗಿಸಿ ಬಂದ ಮೇಲೆ ಆ ಶೂ ತೊಳೆದು, ಬಿಳಿ ಬಳಿದು, ಒಣಗಿಸಿ ಮೇಲೆ ಕೊಟ್ಟು ಬರುವುದು ನನ್ನ ಪಾಲಿಗೆ ಬಂತು. ಯಾರೂ ಇದು ನಿನ್ನ ಕೆಲಸ ಅಂತ ಹೇಳಿರಲಿಲ್ಲ. ಒಂದು ಶುಕ್ರವಾರ ಮಾಡಿದೆ, ಮುಂದಿನ ಶುಕ್ರವಾರ ಅದು ನನ್ನ ಕೆಲಸವಾಗಿತ್ತು.

ಜುಲೈ ತಿಂಗಳ ಒಂದು ಶುಕ್ರವಾರ. ಹೊರಗೆ ಮಳೆ ಅಂದರೆ ಮಳೆ. ಶೂ ಒಣಗುವ ಲಕ್ಷಣವೇ ಇಲ್ಲ. ಬೆಳಗ್ಗೆ ಕೊಡದಿದ್ದರೆ ಬೈಗುಳ. ಹದಿನಾಲ್ಕು ವರ್ಷದ ಬುದ್ಧಿ ಎಷ್ಟು ಓಡುತ್ತದೆ ಹೇಳಿ? ದೊಡ್ಡ ಒಲೆಯ ಪಕ್ಕದ ಕಟ್ಟೆಯ ಮೇಲೆ, ಬಿಸಿ ತಾಗುವ ಹಾಗೆ ಇಟ್ಟು ಮಲಗಿದೆ. ನಾಲ್ಕೂವರೆಗೆ ಎದ್ದು ನೋಡಿದರೆ ಶೂ ಒಣಗಿತ್ತು. ಆದರೆ ರಬ್ಬರು ಅಂಟು ಬಿಟ್ಟು, ಅಟ್ಟೆ ಹಪ್ಪಳದ ಹಾಗೆ ಮೇಲಕ್ಕೆ ಮಡಚಿಕೊಂಡಿತ್ತು. ಬಟ್ಟೆಯ ಮೇಲೆ ಕಂದು ಬಣ್ಣದ ಕಲೆ.

ಶೂ ಬೆಲೆ ಹದಿನೇಳು ಚಿಲ್ಲರೆ. ಧಣಿ ಕೆಟ್ಟವರಲ್ಲ, ಹೊಡೆಯಲಿಲ್ಲ. "ಮುಂದಿನ ಎರಡು ತಿಂಗಳು ಹಿಡ್ಕೊಳ್ತೇನೆ" ಅಂದರು. ಹಿಡಿದುಕೊಂಡರು. ಆ ಎರಡು ತಿಂಗಳು ಊರಿಗೆ ಮನಿಯಾರ್ಡರ್ ಕಡಿಮೆ ಹೋಯಿತು. ಅಮ್ಮ ಯಾರಿಂದಲೋ ಕಾಗದ ಬರೆಸಿದ್ದಳು, ನೀನು ದುಡ್ಡು ಸಿನಿಮಾಕ್ಕೆ ಖರ್ಚು ಮಾಡುತ್ತಿದ್ದೀಯಾ ಅಂತ. ನಾನು ಶೂ ಕಥೆ ಬರೆಯಲಿಲ್ಲ. ಅಮ್ಮ ತೀರಿಕೊಳ್ಳುವವರೆಗೂ ಹೇಳಲಿಲ್ಲ. ಹೆಂಡತಿಗೂ ಹೇಳಿರಲಿಲ್ಲ. ಮೋರಿಯಲ್ಲಿ ಪಾತ್ರೆ ತೊಳೆದದ್ದನ್ನು ಸಂಘದ ಸಭೆಗಳಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದೇನೆ, ಚಪ್ಪಾಳೆ ಕೂಡ ಸಿಕ್ಕಿದೆ. ಇನ್ನೊಬ್ಬರ ಶೂ ತೊಳೆದದ್ದನ್ನು ಮಾತ್ರ ಯಾಕೋ ಹೇಳಿಕೊಳ್ಳಲಾಗಲಿಲ್ಲ.

ಈಗ ಅರ್ಥವಾಯಿತಲ್ಲ, ಅವತ್ತು ಪೇಪರ್ ಯಾಕೆ ಮೇಲೆ ಹೋಯಿತು ಅಂತ? ನನ್ನ ಮನೆಯಲ್ಲಿ ನಾನೇ ಧಣಿಯಾಗಿದ್ದೆ. ಬಾಗಿಲ ಹತ್ತಿರ ನಿಂತದ್ದೂ ನಾನೇ.

ಮರುದಿನ ಆಕೆ ಬಂದವರು ಪಾತ್ರೆಗೆ ಕೈ ಹಾಕುವ ಮೊದಲು ಮೇಜಿನ ಮೇಲೆ ಐನೂರರ ಒಂದು ನೋಟು ಇಟ್ಟರು. "ಈ ತಿಂಗ್ಳ ಇಷ್ಟ ತಗೋರಿ ಅಣ್ಣಾರ, ಉಳಿದದ್ದು ಮುಂದ ನೋಡ್ತೀನ್ರೀ" ಅಂದರು. ನಮ್ಮ ಮನೆಯಿಂದ ಅವರಿಗೆ ಸಿಗುವುದು ತಿಂಗಳಿಗೆ ಎರಡೂವರೆ ಸಾವಿರ. ಆ ಲೆಕ್ಕದಲ್ಲಿ ಆ ಶೂ ಅವರ ಮೂರು ತಿಂಗಳಿಗೂ ಹೆಚ್ಚಿನ ದುಡಿಮೆ. ನೋಟನ್ನು ವಾಪಸ್ ಅವರ ಕೈಗೆ ಕೊಟ್ಟೆ. ತಗೊಳ್ಳಲಿಕ್ಕೆ ಹಿಂದೆ ಮುಂದೆ ನೋಡಿದರು. ಅದು ಇನ್ನೂ ಕಷ್ಟವಾಯಿತು.

ಆ ರಾತ್ರಿ ಊಟಕ್ಕೆ ಕೂತಾಗ ಒಲೆಕಟ್ಟೆಯ ಶೂ ಕಥೆಯನ್ನು ಮೊದಲ ಸಲ ಮನೆಯಲ್ಲಿ ಹೇಳಿದೆ. ಯಾರೂ ಮಾತಾಡಲಿಲ್ಲ. ಹಾಗೆಂದು ನಮ್ಮವಳು ತಕ್ಷಣ ಒಪ್ಪಿದಳು ಅಂದುಕೊಳ್ಳಬೇಡಿ. ಸ್ವಲ್ಪ ಹೊತ್ತಿನ ನಂತರ "ಹ್ವಾಯ್, ಅದೆಲ್ಲ ಸಮ. ಆದ್ರೆ ಕೆಲಸಕ್ಕೆ ಅಂತ ಸಂಬಳ ಕೊಡುದಿಲ್ಯಾ ನಾವು?" ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆ. ಈ ಪ್ರಶ್ನೆಗೆ ಉತ್ತರ ಕೊಡಲಿಕ್ಕೇ ಈ ಬರಹ.

ಸಂಬಳ ಕೊಡುತ್ತೇವೆ, ಹೌದು. ಯಾವುದಕ್ಕೆ? ಪಾತ್ರೆ ತೊಳೆಯಲು, ಗುಡಿಸಿ ಒರೆಸಲು. ಮಾತಾಡಿಕೊಂಡದ್ದು ಅಷ್ಟೇ. ಶೂ ಅದರಲ್ಲಿ ಇರಲಿಲ್ಲ. ಮಾತಾಡದ ಕೆಲಸ ಮಾಡಿಸಿಕೊಂಡು, ಹೇಗೆ ಮಾಡಬೇಕು ಅಂತಲೂ ಹೇಳದೆ, ಕೆಟ್ಟಾಗ ಮಾತ್ರ ಲೆಕ್ಕ ತೆಗೆಯುವುದು ಯಾವ ನ್ಯಾಯ? ನಲವತ್ತೊಂಬತ್ತು ವರ್ಷದ ಹಿಂದೆ ನನಗೆ ಕೇಳಲು ಬಾಯಿ ಬಾರದ ಪ್ರಶ್ನೆ ಇದು.

ಶೂ ಅನ್ನುವುದು ಬಟ್ಟೆ ಪಾತ್ರೆಯ ಹಾಗೂ ಅಲ್ಲ ನೋಡಿ. ನಮ್ಮಲ್ಲಿ ಚಪ್ಪಲಿ ಮನೆಯ ಹೊರಗೆ. ಮಕ್ಕಳು ಚಪ್ಪಲಿ ಮುಟ್ಟಿದರೆ "ಕೈ ತೊಳ್ಕೊಂಡು ಬಾ" ಅನ್ನುತ್ತೇವೆ. ಕಾಲು ಯಾರಿಗಾದರೂ ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತೇವೆ. ಅಂದರೆ ನಾವು ಮುಟ್ಟಲಾರದಷ್ಟು ಅದು ಕೊಳಕು. ಆದರೆ ಇನ್ನೊಬ್ಬರು ಅದನ್ನು ಮುಟ್ಟಬಹುದು, ಮುಟ್ಟಿದ ಅದೇ ಕೈಯಲ್ಲಿ ನಮ್ಮ ಊಟದ ತಟ್ಟೆಯನ್ನೂ ತೊಳೆಯಬಹುದು. ಇದರಲ್ಲಿ ನೈರ್ಮಲ್ಯದ ಲೆಕ್ಕ ಎಲ್ಲಿದೆ? ಇರುವುದು ಬೇರೆ ಲೆಕ್ಕ, ಅದು ಯಾವುದು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಬಸವಣ್ಣನವರಿಗೆ ಹರಳಯ್ಯ ದಂಪತಿ ತಮ್ಮ ತೊಡೆಯ ಚರ್ಮದಿಂದ ಪಾದರಕ್ಷೆ ಮಾಡಿಕೊಟ್ಟ ಕಥೆಯನ್ನು, ಅವರು ಅದನ್ನು ಕಾಲಿಗೆ ಮೆಟ್ಟದೆ ತಲೆಯ ಮೇಲಿಟ್ಟುಕೊಂಡ ಕಥೆಯನ್ನು ನಾವು ವರ್ಷಕ್ಕೊಮ್ಮೆ ಸಭೆ ಮಾಡಿ ಹೇಳುತ್ತೇವೆ. ಆ ಕಲ್ಯಾಣ ಇರುವ ಸೀಮೆಯ ಕಡೆಯಿಂದಲೇ ಬಂದ ಹೆಂಗಸು ನಮ್ಮ ಬಾತ್‌ರೂಮಿನಲ್ಲಿ ಕೂತು ಶೂ ತಿಕ್ಕುವಾಗ ನಮಗೆ ಕಥೆ ನೆನಪಾಗುವುದಿಲ್ಲ.

ಇನ್ನೊಂದು ಮಾತು. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ನಾವು ಸಂಘ ಕಟ್ಟುತ್ತೇವೆ, ರಾಜ್ಯೋತ್ಸವ ಮಾಡುತ್ತೇವೆ, ಮಕ್ಕಳಿಗೆ ಕನ್ನಡ ಬರುವುದಿಲ್ಲವಲ್ಲ ಅಂತ ಕೊರಗುತ್ತೇವೆ. ಯಾದಗಿರಿ, ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ, ಮನೆಗೆಲಸಕ್ಕೆ ಬಂದ ಕನ್ನಡಿಗರು ಇದೇ ಊರುಗಳಲ್ಲಿ ಇದ್ದಾರೆ. ಅವರ ಕನ್ನಡ ನಮ್ಮ ಮಕ್ಕಳ ಕನ್ನಡಕ್ಕಿಂತ ಎಷ್ಟೋ ಗಟ್ಟಿ. ಆಕೆ ನಮ್ಮ ಮನೆಗೆ ಆರು ವರ್ಷದಿಂದ ಬರುತ್ತಿದ್ದಾರೆ. ಸಂಘದ ಕಾರ್ಯಕ್ರಮಕ್ಕೆ ಬನ್ನಿ ಅಂತ ಒಂದು ದಿನ ಕರೆದಿದ್ದೇನೆಯೇ? ಇಲ್ಲ. ನನ್ನ ಮಗ ಅವರೊಂದಿಗೆ ಒಂದು ಮಾತು ಕನ್ನಡದಲ್ಲಿ ಆಡಿದ್ದನ್ನು ಕೇಳಿದ್ದೇನೆಯೇ? ಅದೂ ಇಲ್ಲ. ಶೂ ಹಳದಿಯಾಗದಿದ್ದರೆ ಇದು ನನ್ನ ತಲೆಗೇ ಹೋಗುತ್ತಿರಲಿಲ್ಲ. ನಾಚಿಕೆಯ ವಿಷಯ, ಒಪ್ಪಿಕೊಂಡೆ.

ಸರಿ, ಈಗ ಶೂ ವಿಷಯಕ್ಕೆ ಬರುತ್ತೇನೆ. "ನಾವೇ ತೊಳೆಯಬೇಕು ಅನ್ನುತ್ತೀರಲ್ಲ, ಹೇಗೆ?" ಅಂತ ಕೇಳಿದರೆ ಹೇಳುವಷ್ಟು ಈಗ ಕಲಿತಿದ್ದೇನೆ. ನಂತರದ ಭಾನುವಾರ ಅಪ್ಪ ಮಗ ಇಬ್ಬರೂ ಬಾತ್‌ರೂಮಿನಲ್ಲಿ ಎರಡು ಸ್ಟೂಲು ಹಾಕಿ ಕೂತು ಕಲಿತ ಪಾಠ ಇದು.

ಮೊದಲು ಶೂ ಯಾಕೆ ಹಳದಿಯಾಯಿತು ಅನ್ನುವುದು. ಹತ್ತಿಯ ಬಿಳಿ ಪಂಚೆಗೆ ಬ್ಲೀಚಿಂಗ್ ದ್ರಾವಣ ಸರಿ. ಆದರೆ ಈಗಿನ ಶೂಗಳಲ್ಲಿ ಹತ್ತಿ ಕಡಿಮೆ. ಸಿಂಥೆಟಿಕ್ ಬಟ್ಟೆ, ಫೋಮು, ಅಂಟು, ರಬ್ಬರು ಎಲ್ಲ ಇರುತ್ತದೆ. ಕ್ಲೋರಿನ್ ಇರುವ ಬ್ಲೀಚು ಇವುಗಳಲ್ಲಿ ಕೆಲವನ್ನು ಹಳದಿ ಮಾಡುತ್ತದೆ. ಬಿಳಿ ಬಟ್ಟೆ ಇನ್ನಷ್ಟು ಬೆಳ್ಳಗೆ ಕಾಣಲಿ ಅಂತ ಕಾರ್ಖಾನೆಯಲ್ಲೇ ಹಾಕಿರುವ ಹೊಳಪಿನ ರಾಸಾಯನಿಕವನ್ನೂ ಅದು ಹಾಳು ಮಾಡುತ್ತದೆ, ಆಗ ಒಳಗಿನ ಮಾಸಲು ಬಣ್ಣ ಹೊರಗೆ ಕಾಣುತ್ತದೆ. ಜೊತೆಗೆ ಸಾಬೂನಿನ ನೊರೆ ಪೂರ್ತಿ ಹೋಗದೆ ಒಳಗೆ ಉಳಿದರೆ, ಒಣಗುವಾಗ ನೀರಿನ ಜೊತೆ ಅದೂ ಮೇಲ್ಮೈಗೆ ಬಂದು ಕೂತುಕೊಳ್ಳುತ್ತದೆ. ಬಿಸಿಲು ಬಿದ್ದರೆ ಅಲ್ಲೇ ಹಳದಿ. ಆಕೆಯ ತಪ್ಪು ಇಷ್ಟೇ. ಇದು ನನಗೆ ಗೊತ್ತಿರಲಿಲ್ಲ, ಇಂಜಿನಿಯರಿಂಗ್ ಓದಿದ ಮಗನಿಗೂ ಗೊತ್ತಿರಲಿಲ್ಲ. ಆಕೆಗೆ ಮಾತ್ರ ಗೊತ್ತಿರಬೇಕಿತ್ತು!

ಇನ್ನು ತೊಳೆಯುವ ಕ್ರಮ.

ಕೆಸರು ಹಸಿಯಾಗಿರುವಾಗ ಉಜ್ಜಬೇಡಿ, ಅದು ಬಟ್ಟೆಯ ಒಳಗೆ ಇಳಿಯುತ್ತದೆ. ಒಣಗಲು ಬಿಟ್ಟು, ಒಣ ಬ್ರಶ್ಶಿನಿಂದ ಉದುರಿಸಿ. ಲೇಸು ಬಿಚ್ಚಿ, ಒಳಗಿನ ಮೆತ್ತೆ ತೆಗೆಯಿರಿ. ಲೇಸನ್ನು ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಅರ್ಧ ಗಂಟೆ ನೆನೆಹಾಕಿ ಕೈಯಲ್ಲೇ ಹಿಚುಕಿದರೆ ಸಾಕು. ಶೂ ಎಷ್ಟೇ ಬೆಳ್ಳಗಿದ್ದರೂ ಲೇಸು ಕೊಳಕಾಗಿದ್ದರೆ ಪ್ರಯೋಜನವಿಲ್ಲ.

ಅಟ್ಟೆಯ ಬಿಳಿ ರಬ್ಬರಿಗೆ ಹಳೆಯ ಹಲ್ಲುಜ್ಜುವ ಬ್ರಶ್ಶು ಮತ್ತು ಬಿಳಿ ಟೂತ್‌ಪೇಸ್ಟು. ಜೆಲ್ ಬೇಡ. ಪೇಸ್ಟಿನಲ್ಲಿರುವ ನುಣ್ಣನೆಯ ಪುಡಿ ರಬ್ಬರಿನ ಮೇಲಿನ ಕೊಳೆಯನ್ನು ತಿಕ್ಕಿ ತೆಗೆಯುತ್ತದೆ. ಅಡಿಗೆ ಸೋಡವನ್ನು ನೀರಿನಲ್ಲಿ ಕಲೆಸಿದರೂ ಆದೀತು.

ಮೇಲ್ಭಾಗ ಚರ್ಮದ್ದೋ, ರೆಕ್ಸಿನ್ ತರಹದ್ದೋ ಆದರೆ ನೀರಿನಲ್ಲಿ ಮುಳುಗಿಸಲೇಬೇಡಿ. ಪಾತ್ರೆ ತೊಳೆಯುವ ದ್ರವ ನಾಲ್ಕು ಹನಿ ಹಾಕಿದ ನೀರಿನಲ್ಲಿ ಬಟ್ಟೆ ಅದ್ದಿ, ಹಿಂಡಿ, ಒರೆಸಿ. ಬಟ್ಟೆಯದ್ದಾದರೆ ಅದೇ ನೀರಿನಲ್ಲಿ ಮೆತ್ತಗಿನ ಬ್ರಶ್ಶಿನಿಂದ ತಿಕ್ಕಿ. ವಾಷಿಂಗ್ ಮೆಷಿನ್‌ಗೆ ಹಾಕುವವರಿದ್ದಾರೆ. ಹಾಕಬಹುದಾದ ಶೂಗಳೂ ಇವೆ, ಆದರೆ ಬಿಸಿನೀರು ಮತ್ತು ಡ್ರೈಯರಿನ ಬಿಸಿ ಅಂಟನ್ನು ಸಡಿಲ ಮಾಡುತ್ತದೆ. ಒಲೆಕಟ್ಟೆಯ ಅನುಭವಸ್ಥ ಹೇಳುತ್ತಿದ್ದೇನೆ, ನಂಬಿ.

ಹಠಮಾರಿ ಕಲೆಗೆ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್, ಜೊತೆಗೆ ಅಡಿಗೆ ಸೋಡ, ದೋಸೆ ಹಿಟ್ಟಿನ ಹದಕ್ಕೆ ಕಲೆಸಿ ಬಿಳಿ ಬಟ್ಟೆಯ ಶೂಗೆ ಮಾತ್ರ ಹಚ್ಚಿ, ಕಾಲು ಗಂಟೆ ಬಿಟ್ಟು ತೊಳೆಯಿರಿ. ಕೈಗೆ ಗ್ಲೌಸ್ ಇರಲಿ. ಅಂತರ್ಜಾಲದಲ್ಲಿ ಎಲ್ಲರೂ ಹೇಳುವ ಸೋಡ ಮತ್ತು ವಿನೆಗರ್ ಒಟ್ಟಿಗೆ ಹಾಕುವ ಉಪಾಯ ಇದೆಯಲ್ಲ, ಅದು ನೋಡಲು ಚಂದ, ಬುಸ್ಸೆಂದು ನೊರೆ ಬರುತ್ತದೆ. ಆದರೆ ಒಂದು ಕ್ಷಾರ, ಇನ್ನೊಂದು ಆಮ್ಲ, ಎರಡೂ ಸೇರಿ ಒಂದನ್ನೊಂದು ಕೊಂದುಕೊಳ್ಳುತ್ತವೆ. ಕೊನೆಗೆ ಉಳಿಯುವುದು ಹೆಚ್ಚುಕಡಿಮೆ ಉಪ್ಪುನೀರು.

ಒಂದು ಎಚ್ಚರಿಕೆ, ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ. ಬ್ಲೀಚಿಂಗ್ ದ್ರಾವಣದ ಜೊತೆ ವಿನೆಗರನ್ನಾಗಲಿ, ಕಕ್ಕಸು ತೊಳೆಯುವ ಆಸಿಡ್ಡನ್ನಾಗಲಿ ಎಂದೂ ಬೆರೆಸಬೇಡಿ. ಕ್ಲೋರಿನ್ ಅನಿಲ ಏಳುತ್ತದೆ. ಮುಂಬಯಿಯ ಕಿಟಕಿ ಇಲ್ಲದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ. ಬಚ್ಚಲಲ್ಲಿ ಯಾವ ಬಾಟಲಿ ಏನು ಅಂತ ನಿಮಗೆ ಓದಲು ಬರುತ್ತದೆ. ಓದಲು ಬಾರದವರ ಕೈಗೆ ಆ ಬಾಟಲಿಗಳನ್ನು ಕೊಟ್ಟು "ತೊಳೆದುಬಿಡಿ" ಅನ್ನುವುದು ಎಷ್ಟು ಸರಿ, ನೀವೇ ಯೋಚಿಸಿ.

ಎಲ್ಲಕ್ಕಿಂತ ಮುಖ್ಯ ಕೊನೆಯ ಎರಡು ಕೆಲಸ. ಒಂದು, ನೊರೆ ಪೂರ್ತಿ ಹೋಗುವವರೆಗೆ ಮೂರು ನಾಲ್ಕು ಸಲ ಒಳ್ಳೆಯ ನೀರಿನಲ್ಲಿ ಜಾಲಿಸುವುದು. ಬೆರಳಲ್ಲಿ ಒತ್ತಿದರೆ ಬರುವ ನೀರಿನಲ್ಲಿ ಗುಳ್ಳೆ ಇರಬಾರದು. ಕೊನೆಯ ಚೊಂಬು ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಹಾಕಿದರೆ ಉಳಿದ ಕ್ಷಾರವೂ ಹೋಗುತ್ತದೆ. ಮೊದಲು ಬ್ಲೀಚು ಬಳಸಿದ್ದರೆ ಮಾತ್ರ ಇದು ಬೇಡ, ಕಾರಣ ಮೇಲೆ ಹೇಳಿದ್ದೇನೆ. ಎರಡು, ಒಣಗಿಸುವುದು. ಶೂ ಮೈತುಂಬ ಬಿಳಿ ಟಿಶ್ಯೂ ಕಾಗದ ಸುತ್ತಿ, ಫ್ಯಾನಿನ ಕೆಳಗೆ ನೆರಳಲ್ಲಿ ಇಡಿ. ಒಳಗಿನ ನೀರು ಕಾಗದದ ಮೂಲಕ ಹೊರಗೆ ಹೋಗುವುದರಿಂದ ಆ ಹಳದಿ ಬಣ್ಣ ಶೂ ಮೇಲೆ ನಿಲ್ಲದೆ ಕಾಗದಕ್ಕೆ ಬರುತ್ತದೆ. ನಾನು ಸುಳ್ಳು ಅಂದುಕೊಂಡಿದ್ದೆ. ಮರುದಿನ ಕಾಗದ ಬಿಚ್ಚಿದರೆ ಚಹದ ಕಲೆಯ ಹಾಗೆ ಕಂಡಿತು! ಒಳಗೆ ತುರುಕಲು ಮಾತ್ರ ದಿನಪತ್ರಿಕೆ ಬೇಡ. ನಾನು ತುರುಕಿದ್ದೆ. ನಮ್ಮ ಕನ್ನಡ ಪತ್ರಿಕೆಯ ಶಿರೋನಾಮೆ ತಿರುಗುಮುರುಗಾಗಿ ಒಳಗಿನ ಬಟ್ಟೆಗೆ ಅಚ್ಚಾಯಿತು. "ಪಪ್ಪಾ, ಕನ್ನಡ ಉಳಿಸೋಕೆ ಇದೂ ಒಂದು ದಾರಿನಾ?" ಅಂತ ಮಗ ನಕ್ಕ. ಒಂದು ವಾರದ ನಂತರ ಮನೆಯಲ್ಲಿ ಮೊದಲ ನಗು.

ನೀಲಿ ಹಾಕಬಹುದಾ ಅಂತ ಕೆಲವರು ಕೇಳುತ್ತೀರಿ. ನಮ್ಮ ಕಾಲದಲ್ಲಿ ನೀಲಿಪುಡಿ ಇತ್ತು, ಆಮೇಲೆ 1983ರಲ್ಲಿ ಕೇರಳದಿಂದ ಉಜಾಲ ಬಂತು. ನೀಲಿ ಕೊಳೆ ತೆಗೆಯುವುದಿಲ್ಲ. ಹಳದಿಯ ಮೇಲೆ ಸ್ವಲ್ಪ ನೀಲಿ ಸೇರಿದರೆ ಕಣ್ಣಿಗೆ ಬೆಳ್ಳಗೆ ಕಾಣುತ್ತದೆ, ಅಷ್ಟೇ. ಕ್ಯಾನ್ವಾಸಿಗೆ ಒಂದು ಬಕೆಟ್ ನೀರಿಗೆ ಎರಡು ಹನಿ ಸಾಕು. ನೇರವಾಗಿ ಶೂ ಮೇಲೆ ಬಿದ್ದರೆ ಮೋಡದ ಹಾಗೆ ಕಲೆ.

ಮುಂಬಯಿಯವರಿಗೆ ಇನ್ನೊಂದು. ರಸ್ತೆಯಲ್ಲಿ ನಿಂತ ಮಳೆನೀರಲ್ಲಿ ನಡೆದು ಬಂದ ಶೂ ಬೇರೆ ವಿಷಯ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಅವತ್ತು ನಾನು ಅಂಧೇರಿಯ ಆಫೀಸಿನಲ್ಲಿದ್ದೆ, ಮನೆ ಸೇರಿದ್ದು ಮರುದಿನ ಸಂಜೆ. ಆ ಶೂಗಳನ್ನು ನಮ್ಮವಳು ಬರಿಗೈಯಲ್ಲಿ ತೊಳೆದಳು. ಆಮೇಲಿನ ವಾರಗಳಲ್ಲಿ ಊರಿಡೀ ಲೆಪ್ಟೊಸ್ಪೈರೋಸಿಸ್ ಜ್ವರದ ಸುದ್ದಿ. ಇಲಿ ಹೆಗ್ಗಣಗಳ ಮೂತ್ರ ಸೇರಿದ ನೀರಿನಿಂದ, ಚರ್ಮದ ಗಾಯದ ಮೂಲಕ ಬರುವ ರೋಗ ಅದು. ನೆರೆನೀರಿನ ಶೂ ಮುಟ್ಟುವಾಗ ರಬ್ಬರ್ ಗ್ಲೌಸ್ ಹಾಕಿ. ಅಂಥ ಶೂಗಳನ್ನು ಕೆಲಸದವರ ಮುಂದೆ ಇಡಲೇಬೇಡಿ. ಅವರ ಕೈಯಲ್ಲಿ ಪಾತ್ರೆಯ ಸೋಡದಿಂದ ಬಿರುಕು ಇರುತ್ತದೆ. ಇರುತ್ತದೆ ಅಂತ ನನಗೆ ಗೊತ್ತು.

"ಹಾಗಾದರೆ ಶೂ ತೊಳೆಯುವ ಅಂಗಡಿಗೆ ಕೊಡಬಾರದಾ? ಸ್ಟೇಷನ್ನಿನ ಪಾಲಿಶಿನವನ ಹೊಟ್ಟೆಗೆ ಕಲ್ಲು ಹಾಕುತ್ತೀರಾ?" ಅಂತ ಯಾರಾದರೂ ಕೇಳಿಯಾರು. ಖಂಡಿತ ಕೊಡಿ. ಅಂಗಡಿಯಲ್ಲಿ ದರ ಗೋಡೆಯ ಮೇಲೆ ಬರೆದಿರುತ್ತದೆ, ಕೆಲಸ ಕಲಿತವರು ಮಾಡುತ್ತಾರೆ, ಕೆಟ್ಟರೆ ಅಂಗಡಿಯವನ ಜವಾಬ್ದಾರಿ. ಸ್ಟೇಷನ್ನಿನಲ್ಲಿ ಮರದ ಪೆಟ್ಟಿಗೆ ಇಟ್ಟುಕೊಂಡು ಟಕ್ ಟಕ್ ಅಂತ ಬಾರಿಸುವವನದೂ ಮರ್ಯಾದೆಯ ವ್ಯಾಪಾರ. ಎಲ್ಲರೂ ಬಿಳಿ ಸ್ನೀಕರ್ ಹಾಕಲು ಶುರು ಮಾಡಿದ ಮೇಲೆ ಅವರ ಗಿರಾಕಿ ಕಡಿಮೆಯಾದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. 2020ರ ಮಾರ್ಚಿನಲ್ಲಿ ಲೋಕಲ್ ನಿಂತಾಗಲಂತೂ ಅವರ ಪೆಟ್ಟಿಗೆಯೇ ಮುಚ್ಚಿತು. ವ್ಯಾಪಾರ ಬೇರೆ, ಬಿಟ್ಟಿ ಚಾಕರಿ ಬೇರೆ. ದರ ಹೇಳಿ ಮಾಡಿಸಿಕೊಳ್ಳುವುದು ವ್ಯಾಪಾರ. ನನ್ನ ಜಗಳ ಎರಡನೆಯದರ ಜೊತೆ ಮಾತ್ರ.

ಬಿಳಿ ಶೂ ಹುಟ್ಟಿದ್ದೇ ಒಂದು ರೀತಿಯ ದೊಡ್ಡಸ್ತಿಕೆಗೆ. ಹುಲ್ಲಿನ ಮೇಲೆ ಟೆನಿಸ್ ಆಡುವವರ ಉಡುಪು ಅದು. ವಿಂಬಲ್ಡನ್ನಿನಲ್ಲಿ ಇವತ್ತಿಗೂ ಬಿಳಿಯೇ ಆಗಬೇಕು. 2013ರಲ್ಲಿ ರೋಜರ್ ಫೆಡರರ್ ಶೂವಿನ ಅಟ್ಟೆ ಕಿತ್ತಳೆ ಬಣ್ಣದ್ದಿತ್ತು ಅಂತ ಬದಲಾಯಿಸಲು ಹೇಳಿದರು. ಬಿಳಿ ಶೂ ಅಂದರೆ "ನನ್ನ ಕಾಲು ಮಣ್ಣಿಗೆ ತಾಗುವುದಿಲ್ಲ, ತಾಗಿದರೂ ತೊಳೆಯುವವರು ಇದ್ದಾರೆ" ಅಂತ ಅರ್ಥ ಬರುತ್ತಿದ್ದ ಕಾಲ ಅದು. ಈಗ ಯಾರು ಬೇಕಾದರೂ ಹಾಕಬಹುದು, ಒಳ್ಳೆಯದೇ. ಆದರೆ ಹಾಕಿದವರೇ ತೊಳೆದರೆ ಮಾತ್ರ ಆ ಹಳೆಯ ಅರ್ಥ ಹೋದೀತು.

ಹಾಗಂತ ಪೆಟ್ಟಿಗೆಯಲ್ಲಿಟ್ಟು ಕಾಪಾಡುವುದೂ ಬೇಡ. ನನ್ನ ಸ್ನೇಹಿತರೊಬ್ಬರು ಮಗಳ ಮದುವೆಗೆಂದು ತೆಗೆದುಕೊಂಡ ಶೂವನ್ನು ನಾಲ್ಕಾರು ವರ್ಷ ಕಪಾಟಿನಲ್ಲಿಟ್ಟು, ಮತ್ತೆ ಒಂದು ದಿನ ಮೆಟ್ಟಿ ನಡೆದರೆ ಅಟ್ಟೆ ಹಳೆಯ ರಸ್ಕಿನ ಹಾಗೆ ಪುಡಿಪುಡಿ. ಪಾಲಿಯುರೆಥೇನ್ ಅನ್ನುವ ವಸ್ತುವಿನ ಅಟ್ಟೆ ಗಾಳಿಯ ತೇವವನ್ನು ಹೀರಿ ತಾನಾಗಿಯೇ ಸವೆಯುತ್ತದೆ. ಕರಾವಳಿಯ ಹವೆಯಲ್ಲಿ ಇನ್ನೂ ಬೇಗ. ಹಾಕಿ, ನಡೆಯಿರಿ, ಕೊಳಕಾದರೆ ತೊಳೆಯಿರಿ. ಶೂ ಇರುವುದೇ ಅದಕ್ಕೆ.

ನಮ್ಮ ಮಗನ ಶೂ ಪೂರ್ತಿ ಬೆಳ್ಳಗಾಯಿತಾ? ಇಲ್ಲ. ಮುಕ್ಕಾಲು ಪಾಲು ಹೋಯಿತು, ಮುಂಭಾಗದಲ್ಲಿ ತೆಳ್ಳಗೆ ಹಳದಿ ಉಳಿದಿದೆ. ಬ್ಲೀಚು ಮಾಡಿದ್ದು ವಾಪಸ್ ಬರುವುದಿಲ್ಲ. ಅವನು ಅದನ್ನೇ ಹಾಕಿಕೊಂಡು ಆಫೀಸಿಗೆ ಹೋಗುತ್ತಿದ್ದಾನೆ. ಮರುದಿನ ಆಕೆ ಬಂದಾಗ "ಸಾರಿ" ಅನ್ನಲು ಹೋಗಿ ನಿಂತು, ಅವನ ಹರಕು ಕನ್ನಡದಲ್ಲಿ "ನನ್ನ ತಪ್ಪು ಅಕ್ಕಾ" ಅಂದ. ಆಕೆ "ಇರ್ಲಿ ಬಿಡಪಾ" ಅಂತಷ್ಟೇ ಹೇಳಿ ಪಾತ್ರೆಗೆ ನೀರು ಬಿಟ್ಟರು. ಅವರಿಗೆ ಸಮಾಧಾನ ಆಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ನನಗೆ ಆ ಹದಿನೇಳು ಚಿಲ್ಲರೆಯ ವಿಷಯದಲ್ಲಿ ಇನ್ನೂ ಪೂರ್ತಿ ಆಗಿಲ್ಲ, ಅವರಿಗೆ ಒಂದೇ ದಿನಕ್ಕೆ ಆಗಲಿ ಅಂತ ಹೇಗೆ ಹೇಳಲಿ?

ನಮ್ಮವಳು ಈಗಲೂ ನನ್ನ ವಾದವನ್ನು ಪೂರ್ತಿ ಒಪ್ಪಿಲ್ಲ. ಆದರೆ ಕಳೆದ ಭಾನುವಾರ ವಾಕಿಂಗ್ ಶೂಗಳನ್ನು ತಾನೇ ಸ್ಟೂಲಿನ ಹತ್ತಿರ ತಂದಿಟ್ಟು, "ಅಪ್ಪ ಮಗ ತೊಳುಕ್ ಕೂತಿದ್ರಲೆ, ಇದೂ ಒಂದ್ ತೊಳಿನಿ ಕಾಂಬ" ಅಂದಳು. ನನ್ನ ಸಿದ್ಧಾಂತದ ಪ್ರಕಾರ ಅವಳ ಶೂ ಅವಳೇ ತೊಳೆಯಬೇಕಿತ್ತು. ಮೂವತ್ತು ವರ್ಷ ನನ್ನ ಶೂ ಯಾರು ತೊಳೆದದ್ದು ಅನ್ನುವುದು ನೆನಪಾಗಿ ಸುಮ್ಮನೆ ತೊಳೆದೆ.

ನಿಮ್ಮ ಮನೆಯಲ್ಲಿ ಶೂ ಯಾರು ತೊಳೆಯುತ್ತಾರೆ? ಒಮ್ಮೆ ನೋಡಿಕೊಳ್ಳಿ. ಆಮೇಲೆ ಬೇಕಾದರೆ ನನಗೆ ಬೈಯಿರಿ.